ಕ್ಷುಲ್ಲಕ ಕಾರಣ

ಗೌರಿಬಿದನೂರು
2 ಫೆಬ್ರವರಿ 2025

ಪ್ರೀತಿಯ ಮಹತಿ,

ಕವರಿನ ಮೇಲಿನ ಅಕ್ಷರ ನೋಡಿ ಯಾರಿರಬಹುದು ಅಂತ ಯೋಚಿಸಿರುತ್ತೀಯ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೂರು ವರ್ಷ ನಿನಗೆ ಕನ್ನಡ ಹೇಳಿಕೊಟ್ಟ ವಜೀರುನ್ನೀಸಾ ಮೇಡಂ. ರಿಟೈರ್ ಆಗಿ ಐದು ವರ್ಷವಾಯಿತು. ಈಗ ಗೌರಿಬಿದನೂರಿನಲ್ಲಿ ಮಗಳು ರೂಬಿಯ ಜೊತೆ ಇದ್ದೇನೆ. ಹೋದ ತಿಂಗಳು ವಿದುರಾಶ್ವತ್ಥದ ಬಸ್‌ಸ್ಟಾಪಿನಲ್ಲಿ ನಿನ್ನ ತಾಯಿ ಕಮಲಮ್ಮನವರು ಸಿಕ್ಕಿದ್ದರು. ಮಂಡಿನೋವು ಅಂತ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನೀನು ಚಿಕ್ಕಬಳ್ಳಾಪುರದಲ್ಲಿ ‘ಬೆಟ್ಟಸೀಮೆ ವಾರ್ತೆ’ಯ ಡೆಸ್ಕಿನಲ್ಲಿದ್ದೀಯ ಅಂತ ಅವರೇ ಹೇಳಿದ್ದು. ಆ ಪೇಪರನ್ನು ನಾನು ದಿನಾ ಓದುತ್ತೇನೆ. ನಮ್ಮ ಹುಡುಗಿಯೊಬ್ಬಳು ಅಲ್ಲಿದ್ದಾಳೆ ಅಂತ ಗೊತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಜೊತೆಗೆ ಎರಡು ಸುದ್ದಿಯ ತುಂಡು ಇಟ್ಟಿದ್ದೇನೆ, ಎರಡೂ ನಿಮ್ಮಲ್ಲೇ ಬಂದದ್ದು. ಜನವರಿ 11ರದ್ದು: “ಟ್ರಾನ್ಸ್‌ಫಾರ್ಮರ್ ಆಯಿಲ್ ಕಳವು: ಇಬ್ಬರ ಬಂಧನ”. ಜನವರಿ 28ರದ್ದು: “ಪಂಪ್‌ಸೆಟ್ ಕೇಬಲ್ ಕಳವು: ಮುಸ್ಲಿಂ ಯುವಕ ಸೇರಿ ಮೂವರ ಬಂಧನ”. ಮೊದಲನೆಯದರಲ್ಲಿ ಯಾರ ಧರ್ಮವೂ ಇಲ್ಲ. ಎರಡನೆಯದರಲ್ಲಿ ಮೂವರೂ ಒಟ್ಟಿಗೆ ಕದ್ದವರು, ಒಟ್ಟಿಗೆ ಸಿಕ್ಕಿಬಿದ್ದವರು. ಇಬ್ಬರಿಗೆ ಒಳಗೆ ಬರೀ ಹೆಸರು. ಒಬ್ಬನಿಗೆ ಮಾತ್ರ ಹೆಡ್ಡಿಂಗಿನಲ್ಲಿ ಧರ್ಮ. ಅವನು ತೋಟದಲ್ಲಿ ತಂತಿ ಕತ್ತರಿಸಿದ್ದಕ್ಕೂ ಶುಕ್ರವಾರ ಎಲ್ಲಿಗೆ ಹೋಗುತ್ತಾನೆ ಅನ್ನೋದಕ್ಕೂ ಏನು ಸಂಬಂಧ ಅಂತ ನನಗೆ ಹೊಳೆಯಲಿಲ್ಲ. ಆ ಒಂದು ಪದ ಅಲ್ಲಿ ಏನು ಕೆಲಸ ಮಾಡ್ತಾ ಇದೆ, ನೀನೇ ಹೇಳು.

ನಿನ್ನ ನಂಬರನ್ನೂ ನಿಮ್ಮಮ್ಮ ಕೊಟ್ಟಿದ್ದಾರೆ. ಆದರೆ ಇಂಥದ್ದನ್ನು ಫೋನಿನಲ್ಲಿ ಕೇಳಿದರೆ ಜಗಳ ಆಗಿಬಿಡುತ್ತೆ. ಕಾಗದವಾದರೆ ಇಬ್ಬರಿಗೂ ಯೋಚನೆ ಮಾಡೋಕೆ ಬಿಡುವು ಸಿಗುತ್ತೆ. ಇದು ಅಚ್ಚು ಮಾಡಲಿಕ್ಕಲ್ಲ. ನಿನ್ನನ್ನು ಕೇಳಿದೆ, ಅಷ್ಟೇ.

ನಿನ್ನ
ವಜೀರುನ್ನೀಸಾ


ಚಿಕ್ಕಬಳ್ಳಾಪುರ
9 ಫೆಬ್ರವರಿ 2025

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಆಫೀಸಿಗೆ ಬಂದಾಗ ನನಗೆ ಹತ್ತನೇ ಕ್ಲಾಸಿನ ಹುಡುಗಿ ಥರ ಎದ್ದು ನಿಲ್ಲಬೇಕು ಅನ್ನಿಸಿತು. ಪೋಸ್ಟಿನಲ್ಲಿ ನನಗೆ ಬ್ಯಾಂಕಿನವರು ಬಿಟ್ಟರೆ ಯಾರೂ ಬರೆಯೋದಿಲ್ಲ. ಅಮ್ಮನಿಗೂ ಓದಿ ಹೇಳಿದೆ. ಅವರ ಮಂಡಿ ಹಾಗೇ ಇದೆ, ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದರೆ ಹತ್ತೇ ಹತ್ತುತ್ತಾರೆ.

ಆ ಹೆಡ್ಡಿಂಗ್ ವಿಚಾರ. ನೀವು ಹೇಳಿದ್ದು ಸರಿ, ಮೇಡಂ. ಆದರೆ ನಮ್ಮ ಕಷ್ಟವೂ ಸ್ವಲ್ಪ ಇದೆ. ಡೆಸ್ಕಿನಲ್ಲಿ ನಾಲ್ಕು ಜನ, ಹನ್ನೆರಡು ಪುಟ. ಪೊಲೀಸರು ಕಳಿಸಿದ್ದನ್ನು ಹಾಗೇ ಎತ್ತಿಕೊಂಡು, ಎರಡು ಕಾಲಂಗೆ ಹೊಂದೋ ಹಾಗೆ ಯಾರೋ ಒಂದು ಹೆಡ್ಡಿಂಗ್ ಕೊಟ್ಟುಬಿಡ್ತಾರೆ. ಬೇಕು ಅಂತ ಮಾಡಿದ್ದಲ್ಲ. ಆದರೂ ತಪ್ಪು ತಪ್ಪೇ. ಸಂಪಾದಕರು ಮೋಹನ್‌ಬಾಬು ಸರ್ ಹತ್ತಿರ ಮಾತಾಡ್ತೀನಿ.

ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಆ ಹುಡುಗ ನಿಮಗೆ ಬೇಕಾದವರ ಪೈಕೀನಾ? ಹಾಗಿದ್ದರೆ ಸಂಕೋಚ ಬೇಡ. ಸ್ಟೇಷನ್ನಿನಲ್ಲಿ ನನಗೆ ಪರಿಚಯದವರಿದ್ದಾರೆ. ಜಾಮೀನಿಗೆ ವಕೀಲರು ಬೇಕಾದರೂ ಹೇಳಿ.

ನಿಮ್ಮ ವಿದ್ಯಾರ್ಥಿನಿ
ಮಹತಿ


ಗೌರಿಬಿದನೂರು
15 ಫೆಬ್ರವರಿ 2025

ಮಹತಿ,

ಆ ಹುಡುಗ ನನಗೆ ಏನೂ ಆಗಬೇಕಾಗಿಲ್ಲ. ಅವನ ಊರು ಕೂಡ ನನಗೆ ಗೊತ್ತಿಲ್ಲ. ಕದ್ದಿದ್ದರೆ ಶಿಕ್ಷೆಯಾಗಲಿ. ರೈತರ ಕೇಬಲ್ ಕದಿಯೋದು ಅಂದರೆ ಬೆಳೆಗೆ ನೀರು ನಿಲ್ಲಿಸಿದ ಹಾಗೆ. ಅವನಿಗೆ ವಕೀಲರನ್ನು ಹುಡುಕೋ ಕೆಲಸ ನನ್ನದಲ್ಲ.

ನೀನು ಕೇಳಿದ್ದರಲ್ಲಿ ಕೆಟ್ಟದ್ದೇನಿಲ್ಲ, ಸಹಾಯ ಮಾಡೋಕೆ ಕೇಳಿದ್ದೀಯ. ಆದರೂ ಮೂವರಲ್ಲಿ ಇನ್ನಿಬ್ಬರೂ ನನಗೆ ಬೇಕಾದವರಾಗಿರಬಹುದು ಅಂತ ನಿನಗೆ ಅನ್ನಿಸಲಿಲ್ಲ, ನೋಡು. ನನ್ನ ಶಿಷ್ಯರು ಈ ನಾಲ್ಕು ತಾಲ್ಲೂಕಿನಲ್ಲೂ ಇದ್ದಾರೆ.

ನಿಮ್ಮ ಸಂಪಾದಕರ ಹತ್ತಿರ ಮಾತಾಡಿದರೆ ಏನಂದರು ಅಂತ ಬರಿ. ನಾಳೆ ನಾನು ದಿಬ್ಬೂರಹಳ್ಳಿಗೆ ಹೋಗುತ್ತಿದ್ದೇನೆ, ಅಲ್ಲಿ ಸ್ವಲ್ಪ ಕೆಲಸವಿದೆ. ಅಮ್ಮನಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ವಜೀರುನ್ನೀಸಾ


ಚಿಕ್ಕಬಳ್ಳಾಪುರ
3 ಮಾರ್ಚ್ 2025

ಮೇಡಂ,

ಹದಿನೈದು ದಿನ ಉತ್ತರ ಬರೆಯಲಿಲ್ಲ. ನಾಚಿಕೆಯಾಗಿತ್ತು. ನೀವು ಹೇಳಿದ ಮೇಲೆ ನನ್ನ ಕಾಗದವನ್ನೇ ಮನಸ್ಸಿನಲ್ಲಿ ಮತ್ತೆ ಓದಿಕೊಂಡೆ. ಬರಿಗೈಯಲ್ಲಿ ಬರೆಯಬಾರದು ಅಂತ ಕಾದೆ. ಇವತ್ತು ಹೇಳೋದಕ್ಕೆ ಒಂದು ವಿಷಯ ಇದೆ.

ಬೆಳಗ್ಗೆ ಮೀಟಿಂಗಿನಲ್ಲಿ ನಿಮ್ಮ ಎರಡು ತುಂಡನ್ನೂ ಮೇಜಿನ ಮೇಲಿಟ್ಟೆ. ಮೋಹನ್‌ಬಾಬು ಸರ್ ಕನ್ನಡಕ ತೆಗೆದು ನೋಡಿದರು. “ಇದರಲ್ಲಿ ಸುಳ್ಳೇನಿದೆಯಮ್ಮಾ? ಅವನು ಮುಸ್ಲಿಂ ಹೌದೋ ಅಲ್ವೋ?” ಅಂದರು.

“ಹೌದು ಸರ್. ಉಳಿದಿಬ್ಬರು ಹಿಂದೂಗಳು ಅನ್ನೋದೂ ನಿಜವೇ. ಅದನ್ನ ಯಾಕೆ ಹಾಕಿಲ್ಲ?”

“ಅದನ್ನ ಯಾರು ಹಾಕ್ತಾರೆ?”

“ಅದೇ ನಾನೂ ಕೇಳ್ತಿರೋದು.”

ಅವರು ಟೀ ಮುಗಿಸಿ ಲೋಟ ಪಕ್ಕಕ್ಕಿಟ್ಟರು. ಆಮೇಲೆ, “ಸರಿ, ಒಂದು ರೂಲ್ ಬರೆದು ಅಂಟಿಸಿಬಿಡು. ನನಗೂ ದಿನಾ ಈ ತಲೆನೋವು ಬೇಡ” ಅಂದರು. ನಾನೇ ಬರೆದೆ: “ಅಪರಾಧ ಸುದ್ದಿಯಲ್ಲಿ ಯಾರದ್ದೇ ಆಗಲಿ, ಜಾತಿ, ಧರ್ಮ ಬರೆಯುವಂತಿಲ್ಲ.” ಡೆಸ್ಕಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಎಲ್ಲಾ ನಿಮ್ಮಿಂದ.

ರಂಜಾನ್ ಶುರುವಾಗಿದೆಯಲ್ಲ, ಬಿಸಿಲು ಜಾಸ್ತಿ. ಆರೋಗ್ಯ ನೋಡಿಕೊಳ್ಳಿ.

ಮಹತಿ


ಗೌರಿಬಿದನೂರು
10 ಮಾರ್ಚ್ 2025

ಪ್ರೀತಿಯ ಮಹತಿ,

ಕಾರ್ಡು ಅಂತ ಬೇಜಾರು ಮಾಡ್ಕೋಬೇಡ, ಕಣ್ಣಿನ ಪೊರೆ ಆಪರೇಷನ್ ಆಗಿದೆ, ಹೆಚ್ಚು ಬರೆಯೋ ಹಾಗಿಲ್ಲ. ನಿನ್ನ ಕಾಗದವನ್ನು ರೂಬಿ ಕೈಯಲ್ಲಿ ಎರಡು ಸಲ ಓದಿಸಿದೆ. ನಮ್ಮ ಮನೆಯವರೊಬ್ಬರಿಗೂ ಫೋನಿನಲ್ಲಿ ವಿಷಯ ಹೇಳಿದೆ. “ಒಳ್ಳೇದಾಯ್ತು. ಆದ್ರೆ ಊರಿನೋರು ಹೆಡ್ಡಿಂಗ್ ಓದಿದ್ರು, ರೂಲ್ ಯಾರು ಓದ್ತಾರೆ” ಅಂದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ಮಾಡಿದ್ದು ದೊಡ್ಡ ಕೆಲಸ.

ವಜೀರುನ್ನೀಸಾ


ಚಿಕ್ಕಬಳ್ಳಾಪುರ
29 ಮಾರ್ಚ್ 2025

ಮೇಡಂ,

ನಾಳೆ ನಮ್ಮ ಯುಗಾದಿ, ನಾಡಿದ್ದು ನಿಮ್ಮ ಹಬ್ಬ. ಎರಡಕ್ಕೂ ಸೇರಿಸಿ ಒಂದೇ ಶುಭಾಶಯ. ನಿಮ್ಮ ಮನೆಯವರೊಬ್ಬರು ಅಂದ ಮಾತನ್ನು ನಮ್ಮ ಡೆಸ್ಕಿನಲ್ಲೂ ಹೇಳಿದೆ, ಎಲ್ಲರೂ ನಕ್ಕರು. ಪುಣ್ಯಾತ್ಮರು ತಮಾಷೆಯವರು. ನಮ್ಮ ರೂಲ್ ಒಂದು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಕಣ್ಣು ಹೇಗಿದೆ?

ಮಹತಿ


ಗೌರಿಬಿದನೂರು
8 ಏಪ್ರಿಲ್ 2025

ಮಹತಿ,

ಕಣ್ಣು ಚೆನ್ನಾಗಿದೆ. ಏಪ್ರಿಲ್ 5ರ ನಿಮ್ಮ ಪತ್ರಿಕೆಯ ಐದನೇ ಪುಟದಲ್ಲಿ, ಕೆಳಗಡೆ, ಬಹಳ ಸಣ್ಣ ಅಕ್ಷರದಲ್ಲಿದ್ದದ್ದನ್ನೂ ಓದಿದೆ. “ಕ್ಷುಲ್ಲಕ ಕಾರಣ: ಮೋಟಾರ್ ಮೆಕ್ಯಾನಿಕ್ ಮೇಲೆ ಹಲ್ಲೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸಮೀಪ ವ್ಯಕ್ತಿಗಳಿಬ್ಬರ ನಡುವೆ ಕ್ಷುಲ್ಲಕ ಕಾರಣಕ್ಕೆ ಜಗಳ ನಡೆದು ಒಬ್ಬರು ಗಾಯಗೊಂಡಿದ್ದಾರೆ.” ಅಷ್ಟೇ. ಹೆಸರೂ ಇಲ್ಲ.

ಆ ಒಬ್ಬರು ನನ್ನ ತಮ್ಮ, ಬಷೀರ್ ಅಹಮದ್. ರೂಲ್ ಯಾರು ಓದ್ತಾರೆ ಅಂದವನು ಅವನೇ. ತಮಾಷೆಗೆ ಅಂದದ್ದಲ್ಲ.

ದಿಬ್ಬೂರಹಳ್ಳಿಯಲ್ಲಿ ಅವನದ್ದು ಮೋಟಾರ್ ರಿಪೇರಿ ಅಂಗಡಿ, ಇಪ್ಪತ್ತೆಂಟು ವರ್ಷದಿಂದ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡೋದು, ಬೋರ್‌ವೆಲ್ ಹತ್ತಿರ ಹೋಗಿ ಸ್ಟಾರ್ಟರ್ ಸರಿ ಮಾಡೋದು. ಸುತ್ತಿನ ತೋಟಗಳಿಗೆಲ್ಲ ಅವನ ಸ್ಕೂಟರ್ ಸದ್ದು ಗೊತ್ತು. ನಿಮ್ಮ ಆ ಹೆಡ್ಡಿಂಗ್ ಬಂದ ವಾರದಿಂದ ಕರೆಯೋರು ಕಮ್ಮಿಯಾದರು. ಯಾರೂ ಏನೂ ಅನ್ನಲಿಲ್ಲ. “ಬೇರೆಯೋರು ಬಂದು ನೋಡ್ಕೊಂಡು ಹೋದ್ರು ಬಷೀರಣ್ಣ” ಅನ್ನೋರು, ಅಷ್ಟೇ. ಅದಕ್ಕೇ ನಾನು ನಿನಗೆ ಮೊದಲನೇ ಕಾಗದ ಬರೆದದ್ದು. ಅದಕ್ಕೇ ದಿಬ್ಬೂರಹಳ್ಳಿಗೆ ಹೋಗಿದ್ದು.

ಏಪ್ರಿಲ್ 3ರ ಬೆಳಗ್ಗೆ ಮುನಿನಾರಾಯಣಪ್ಪ ಅನ್ನೋ ರೈತರು ಮೋಟಾರ್ ನೀರು ಎತ್ತುತ್ತಿಲ್ಲ ಬಾ ಅಂತ ಕರೆದರು. ಖುಷಿಯಿಂದ ಹೊರಟ. ದಾರಿ ಚೆನ್ನರಾಯಪ್ಪನವರ ಹಿಪ್ಪುನೇರಳೆ ತೋಟದ ಪಕ್ಕ. ಜನವರಿಯಲ್ಲಿ ಅವರ ಕೇಬಲ್ಲೂ ಕಳುವಾಗಿತ್ತು, ವಾಪಸ್ ಸಿಕ್ಕಿಲ್ಲ. ಸ್ಕೂಟರಿಗೆ ಅಡ್ಡ ನಿಂತು, “ಎಲ್ಲಿ ಕಣಯ್ಯಾ ಹೊರಟೆ, ಉಳಿದಿದ್ದನ್ನ ನೋಡ್ಕೊಂಡು ಹೋಗಾಕಾ?” ಅಂದರಂತೆ. ಬಷೀರ್, “ಚೆನ್ನರಾಯಪ್ಪನೋರೇ, ನಾನು ಬಷೀರು” ಅಂದ. “ಯಾರಾದ್ರೇನು, ಸಾಬ್ರೇ ಕದಿಯೋದು ಅಂತ ಪೇಪರ್‌ನಾಗೇ ಬಂದೈತೆ” ಅಂದು ತಳ್ಳಿದರು. ಸ್ಕೂಟರ್ ಮೇಲೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆ ಮನುಷ್ಯನ ಮೋಟಾರಿಗೆ ಇವನು ಎಷ್ಟು ಸಲ ತಂತಿ ಸುತ್ತಿದ್ದಾನೋ ಲೆಕ್ಕವಿಲ್ಲ.

ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡವರು ‘ಕ್ಷುಲ್ಲಕ ಕಾರಣಕ್ಕೆ’ ಅಂತ ಬರೆದುಕೊಂಡರು. ಕೈನೋವಿನಲ್ಲಿ ಇವನು ಓದದೆ ಎಡಗೈಯಲ್ಲಿ ಸಹಿ ಹಾಕಿದ. ನೀವು ಅದನ್ನೇ ಅಚ್ಚು ಹಾಕಿದಿರಿ. ಜನವರಿಯಲ್ಲಿ ‘ಮುಸ್ಲಿಂ’ ಅನ್ನೋ ಪದಕ್ಕೆ ಕೆಲಸವೇ ಇರಲಿಲ್ಲ, ಹೆಡ್ಡಿಂಗಿನಲ್ಲಿ ಹಾಕಿದಿರಿ. ಈಗ ನಡೆದದ್ದಕ್ಕೆಲ್ಲ ಅದೇ ಕಾರಣ, ಈಗ ತೆಗೆದುಬಿಟ್ಟಿರಿ. ಇದಕ್ಕೆ ನಾನೇ ನಿನ್ನ ಬೆನ್ನು ತಟ್ಟಿದ್ದೆ.

ವಜೀರುನ್ನೀಸಾ


ಚಿಕ್ಕಬಳ್ಳಾಪುರ
24 ಏಪ್ರಿಲ್ 2025

ಮೇಡಂ,

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಇಲ್ಲದಿದ್ದರೆ ಮುಂದೆ ಬರೆಯೋದಕ್ಕೆ ಆಗಲ್ಲ. ಜನವರಿ 28ರ ಆ ಹೆಡ್ಡಿಂಗ್ ಕೊಟ್ಟವಳು ನಾನು. ‘ಯಾರೋ’ ಅಂತ ಬರೆದಿದ್ದೆನಲ್ಲ, ಆ ಯಾರೋ ನಾನೇ. ಪೊಲೀಸರ ನೋಟಿನಲ್ಲಿ ಆ ಪದ ಇರಲೇ ಇಲ್ಲ, ಮೂರು ಹೆಸರು ಮಾತ್ರ ಇತ್ತು. “ಮೂವರ ಬಂಧನ” ಅಂದರೆ ಸಪ್ಪೆ ಅನ್ನಿಸಿ ಸೇರಿಸಿದೆ. ಅವತ್ತು ನಮ್ಮ ಪೇಪರಿನಲ್ಲಿ ಅತಿ ಹೆಚ್ಚು ವಾಟ್ಸ್‌ಆ್ಯಪಿನಲ್ಲಿ ಓಡಾಡಿದ ಸುದ್ದಿ ಅದೇ. ಮೋಹನ್‌ಬಾಬು ಸರ್ ಭೇಷ್ ಅಂದರು. ನನಗೆ ಖುಷಿಯಾಗಿತ್ತು. ನಿಮ್ಮ ಕಾಗದ ಬಂದಾಗ ಹೇಳೋ ಧೈರ್ಯ ಬರಲಿಲ್ಲ. ಆ ರೂಲ್ ಬರೆದು ಅಂಟಿಸಿದಾಗ ಎಲ್ಲಾ ಸರಿಹೋಯಿತು ಅಂದುಕೊಂಡೆ.

ನಿಮ್ಮ ಕಾಗದ ಓದಿದ ಮೇಲೆ ದಿಬ್ಬೂರಹಳ್ಳಿಗೆ ಹೋಗಿದ್ದೆ. ಬಷೀರ್ ಸಾಹೇಬರ ಅಂಗಡಿ ಮುಚ್ಚಿತ್ತು. ಚೆನ್ನರಾಯಪ್ಪನವರ ಮನೆಗೆ ಹೋದೆ. ಯಾವ ಪೇಪರ್ ಅಂತ ಹೇಳಿದಾಗ ಅವರ ಮುಖ ಅರಳಿತು. “ನಮ್ಮ ಕಡೆಯೋರೇ ಬನ್ನಿ” ಅಂದು ಕುರ್ಚಿ ಹಾಕಿಸಿದರು. ನನಗೆ ಕೂರೋಕಾಗಲಿಲ್ಲ.

“ಅವರು ನಿಮ್ಮ ಕೇಬಲ್ ಕದ್ದಿದ್ದರಾ?” ಅಂತ ಕೇಳಿದೆ.

“ಅವನಲ್ಲಮ್ಮ. ಆದ್ರೂ ಅವರೋರೇ ಅಲ್ವಾ? ನೀವೇ ಹಾಕಿದ್ರಲ್ಲ.”

“ಸಿಕ್ಕಿದ್ದು ಮೂರು ಜನ. ಇನ್ನಿಬ್ಬರ ಹೆಸರು ಓದಿದ್ರಾ?”

“ಇನ್ನಿಬ್ರು ಯಾರು?” ಅಂದರು. ನಾಟಕ ಮಾಡ್ತಿರಲಿಲ್ಲ ಮೇಡಂ, ಅವರಿಗೆ ಗೊತ್ತೇ ಇರಲಿಲ್ಲ. ಫೋನಿಗೆ ಹೆಡ್ಡಿಂಗ್ ಮಾತ್ರ ಬಂದಿತ್ತು. ನಾನು ಎರಡು ಹೆಸರೂ ಹೇಳಿದೆ. ಒಳಗಿಂದ ಅವರ ಹೆಂಡತಿ ಅಶ್ವತ್ಥಮ್ಮ ಬಂದು ತೆಲುಗಿನಲ್ಲೇ ಗಂಡನಿಗೆ ಬೈದರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಬರೀತೀರ, ಇವರು ಹೊಡೀತಾರೆ. ನಾಳೆ ಮೋಟಾರ್ ಕೆಟ್ರೆ ಯಾರ ಮುಖ ನೋಡ್ಲಮ್ಮ ನಾನು?” ಅಂದರು. ನಾನು ಬಸ್ ಹತ್ತಿದೆ.

ನಡೆದದ್ದನ್ನೆಲ್ಲ ಬರೆದಿದ್ದೇನೆ, ಕಾರಣ ಸಮೇತ. ನಮ್ಮ ಹೆಡ್ಡಿಂಗ್ ವಿಷಯವೂ ಅದರಲ್ಲಿದೆ. ಮೋಹನ್‌ಬಾಬು ಸರ್ ಗೋಡೆ ಕಡೆ ಕೈ ತೋರಿಸಿ, “ನೀನೇ ಅಲ್ವಾ ಧರ್ಮ ಬರೆಯುವಂತಿಲ್ಲ ಅಂದಿದ್ದು?” ಅಂದರು. ಹತ್ತು ದಿನದಿಂದ ಅವರ ಮೇಜಿನ ಮೇಲಿದೆ. ಆದರೆ ಅವರು ಒಪ್ಪೋದಕ್ಕೆ ಮುಂಚೆ ಬಷೀರ್ ಸಾಹೇಬರು ಒಪ್ಪಬೇಕು. ಆ ಊರಲ್ಲಿ ಬಾಳೋರು ಅವರು. ದಯವಿಟ್ಟು ಕೇಳಿ ತಿಳಿಸಿ. ಬೇಡ ಅಂದರೆ ಹರಿದುಹಾಕ್ತೀನಿ.

ಮಹತಿ


ಗೌರಿಬಿದನೂರು
2 ಮೇ 2025

ಮಹತಿ,

ನೀನು ಹೇಳಿದ್ದು ಒಳ್ಳೆಯದಾಯಿತು. ನನಗೆ ಕೋಪ ಬಂತು, ಇನ್ನೂ ಪೂರ್ತಿ ಹೋಗಿಲ್ಲ. ಹೋಯಿತು ಅಂತ ಬರೆದರೆ ಅದೂ ಸುಳ್ಳಾಗುತ್ತೆ. ಹಾಗೆ ನೋಡಿದರೆ ನಾನೂ ಮುಚ್ಚಿಟ್ಟೆ. ಬಷೀರ್ ನನ್ನ ತಮ್ಮ ಅಂತ ಮೊದಲೇ ಹೇಳಿದ್ದರೆ ನೀನು ಅವತ್ತೇ ದಿಬ್ಬೂರಹಳ್ಳಿಗೆ ಹೋಗಿರುತ್ತಿದ್ದೆಯೋ ಏನೋ. ತಮ್ಮನಿಗೋಸ್ಕರ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ, ನ್ಯಾಯದ ಮಾತು ಮನೆಯ ಮಾತಾಗಿಬಿಡುತ್ತೆ ಅಂತ ಹೆದರಿದೆ. ಕಾಗದ ಬರೆಯೋರಿಗೆ ಬಿಡುವು ಸಿಗುತ್ತೆ ಅಂದಿದ್ದೆ. ಬಿಡುವಿನಲ್ಲಿ ಮುಚ್ಚಿಡೋದಕ್ಕೂ ಅವಕಾಶ ಸಿಗುತ್ತೆ.

ಬಷೀರ್ ಈಗ ಇಲ್ಲೇ ನಮ್ಮ ಮನೆಯಲ್ಲಿದ್ದಾನೆ. ನೀನು ಬರೆದದ್ದನ್ನೆಲ್ಲ ಓದಿ ಹೇಳಿದೆ. ಇನ್ನಿಬ್ಬರು ಯಾರು ಅಂದರಂತೆ ಅನ್ನೋ ಜಾಗ ಬಂದಾಗ, “ಮತ್ತೆ ಓದು ಆಪಾ” ಅಂದ. ಓದಿದೆ. ಊಟ ಮುಗಿಸಿದ. ಕೈ ತೊಳೆದು ಬಂದು ಹೇಳಿದ: “ಬರೀಲಿ. ಆದ್ರೆ ಇಡೀ ಊರೇ ಹೊಡೀತು ಅನ್ನೋ ಹಾಗೆ ಬರೆಯೋದು ಬೇಡ. ಹೊಡೆದಿದ್ದು ಒಬ್ರು. ಮುನಿನಾರಾಯಣಪ್ಪ ಕೂಗು ಕೇಳಿ ಓಡಿಬಂದು ನನ್ನನ್ನ ಬೈಕ್ ಮೇಲೆ ಕೂರಿಸ್ಕೊಂಡು ಆಸ್ಪತ್ರೆಗೆ ಹೋದ್ರು, ಎಕ್ಸ್‌ರೇ ಆಗೋವರೆಗೂ ಕೂತಿದ್ರು. ಅದನ್ನೂ ಹಾಕ್ಲಿ. ಚೆನ್ನರಾಯಪ್ಪನೋರ ಜಾತಿ ಹಾಕೋದು ಬೇಡ. ಅವರು ಅಂದ ಮಾತು ಹಾಕಿದ್ರೆ ಸಾಕು.”

ಅವನ ಒಪ್ಪಿಗೆ ಇದು. ನನ್ನದೂ ಅದೇ.

ವಜೀರುನ್ನೀಸಾ


ಚಿಕ್ಕಬಳ್ಳಾಪುರ
19 ಮೇ 2025

ಮೇಡಂ,

ನಿನ್ನೆ ಬಂದಿದೆ, ಮೂರನೇ ಪುಟ. ನೀವು ನೋಡಿರುತ್ತೀರಿ. ಅರ್ಧಕ್ಕರ್ಧ ಕತ್ತರಿಸಿದ್ದಾರೆ. ಬಷೀರ್ ಸಾಹೇಬರು ಹೇಳಿದ ಮೂರೂ ಮಾತು ಉಳಿದಿವೆ. ಮೋಹನ್‌ಬಾಬು ಸರ್ ಕೊನೆಯ ಸಾಲಿನ ಹತ್ತಿರ ಪೆನ್ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು: “ಜನವರಿ 28ರ ವರದಿಯ ಶೀರ್ಷಿಕೆಯಲ್ಲಿ ಮೂವರು ಆರೋಪಿಗಳ ಪೈಕಿ ಒಬ್ಬರ ಧರ್ಮವನ್ನಷ್ಟೇ ನಾವು ಹೆಸರಿಸಿದ್ದೆವು. ಅದು ತಪ್ಪು.” ಆಮೇಲೆ ಅದನ್ನು ಹೊಡೆದುಹಾಕದೆ ಪುಟ ಕಳಿಸಿದರು.

ಫೋನುಗಳು ಬಂದವು. ಎಷ್ಟು ದುಡ್ಡು ತಗೊಂಡಿದ್ದೀಯ ಅಂತ ಕೇಳಿದವರೇ ಜಾಸ್ತಿ. ಚಿಂತಾಮಣಿಯಿಂದ ಒಬ್ಬ ಹೆಂಗಸು, “ಹೆಡ್ಡಿಂಗ್ ಕಳಿಸಿದೋರೆಲ್ಲ ಇದನ್ನ ಕಳಿಸ್ತಿಲ್ಲವಲ್ಲಮ್ಮ” ಅಂದರು. ನಿಜ. ನೋಡಿದೆ, ಹನ್ನೊಂದು ಜನ ಕಳಿಸಿದ್ದಾರೆ.

ಗೋಡೆ ಮೇಲಿನ ರೂಲ್ ತೆಗೆದೆ. ಹೊಸದನ್ನು ಅಂಟಿಸಿಲ್ಲ. ಈಗ ಇಂಥ ಸುದ್ದಿ ಬಂದರೆ, ಧರ್ಮಕ್ಕೂ ನಡೆದದ್ದಕ್ಕೂ ಸಂಬಂಧ ಇದೆಯಾ ಅಂತ ಸ್ಟೇಷನ್ನಿಗೂ ಊರಿಗೂ ಫೋನ್ ಮಾಡಿ ಕೇಳ್ತೀನಿ. ಪುಟ ತಡವಾಗುತ್ತೆ, ಬೈಸಿಕೊಳ್ತೀನಿ.

ಮಹತಿ


ಗೌರಿಬಿದನೂರು
22 ಜೂನ್ 2025

ಪ್ರೀತಿಯ ಮಹತಿ,

ಬಷೀರ್ ಅಂಗಡಿ ತೆಗೆದಿದ್ದಾನೆ. ಕೈ ಕೂಡಿದೆ, ಭಾರ ಎತ್ತೋ ಹಾಗಿಲ್ಲ. ತೋಟಗಳಿಗೆ ಹೋಗೋದು ನಿಲ್ಲಿಸಿದ್ದಾನೆ. ಮೋಟಾರನ್ನು ಅಂಗಡಿಗೆ ತಂದರೆ ಮಾತ್ರ ಕೆಲಸ. ಮೊದಲಿನಷ್ಟು ಜನ ಬರುತ್ತಾರೆ ಅಂತ ನಾನು ಹೇಳೋದಿಲ್ಲ.

ಹೋದ ವಾರ ಅಶ್ವತ್ಥಮ್ಮನವರು ಒಬ್ಬರೇ ಅಂಗಡಿಗೆ ಬಂದು, ಕೇಸು ವಾಪಸ್ ತಗೋಳಪ್ಪ ಅಂತ ಕೇಳಿದರು. ನಾನು ಅವತ್ತು ಅಲ್ಲೇ ಇದ್ದೆ. ಬಷೀರ್ ತಂತಿ ಸುತ್ತುತ್ತಲೇ ಹೇಳಿದ: “ವಾಪಸ್ ತಗೊಳ್ಳೋ ಮಾತು ಆಮೇಲೆ ಅಮ್ಮ. ಮೊದಲು ಅವರು ಸ್ಟೇಷನ್ನಿಗೆ ಬಂದು ನನ್ನನ್ನ ಯಾಕೆ ತಳ್ಳಿದ್ರು ಅಂತ ಬರೆಸ್ಲಿ. ಸುಮ್ಮಸುಮ್ಮನೆ ಜಗಳ ಆಡೋನು ಅಂತ ನನ್ನ ಹೆಸರಲ್ಲಿ ಬರೆದುಬಿಟ್ಟವ್ರೆ. ನಾನು ಜಗಳ ಆಡಿಲ್ಲ.”

ಆ ಮನುಷ್ಯ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬುಧವಾರ ಸ್ಟೇಷನ್ನಿಗೆ ಬಂದರು. ಒಗೆದ ಪಂಚೆ ಉಟ್ಟುಕೊಂಡು, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಅಂದದ್ದನ್ನು ಅಂದ ಹಾಗೇ ಹೇಳಿದರು. ಹೇಳುವಾಗ ಬಷೀರನ ಕಡೆ ನೋಡಲಿಲ್ಲ. ಬರೆದುಕೊಳ್ಳುತ್ತಿದ್ದವರು, “ಇದೆಲ್ಲ ಬೇಕೇನ್ರೀ? ಹೀಗೆ ಬರೆಸಿದ್ರೆ ಕೇಸು ನಿಮ್ಮ ಮೇಲೇ ಜಾಸ್ತಿ ಆಗುತ್ತೆ” ಅಂದರು. “ಬರ್ಕೊಳ್ಳಿ ಸಾರ್” ಅಂದರು ಚೆನ್ನರಾಯಪ್ಪ. ಈ ಸಲ ಬಷೀರ್ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದ. ಆಮೇಲೆ ಸಹಿ ಮಾಡಿದ. ಮುಂದಿನದ್ದು ಕೋರ್ಟಿಗೆ ಬಿಟ್ಟಿದ್ದು.

ಹೊರಗೆ ಬಂದ ಮೇಲೆ ಹುಣಸೇಮರದ ಕೆಳಗೆ ಇಬ್ಬರೂ ಸ್ವಲ್ಪ ದೂರ ದೂರ ನಿಂತಿದ್ದರು. ಚೆನ್ನರಾಯಪ್ಪ ಕೇಳಿದರು, “ಕೈ ಎಂಗೈತೆ?”

“ಪರವಾಗಿಲ್ಲ. ಭಾರ ಎತ್ತೋಕಾಗಲ್ಲ.”

“ನಮ್ಮ ಮೋಟಾರು ನಿಂತು ಎಂಟು ದಿನ ಆಯ್ತು. ನೀನು ಎತ್ತೋದೇನೂ ಬೇಡ. ಸಾಮಾನೆಲ್ಲ ನಾನೇ ಹೊರ್ತೀನಿ. ನೀನು ಬಂದು ಪಕ್ಕದಲ್ಲಿ ನಿಂತು ಹೇಳು, ಸಾಕು.”

ಬಷೀರ್ ಸ್ಕೂಟರ್ ಹತ್ತಿದ. ಇವತ್ತಿಗೆ ನಾಲ್ಕು ದಿನ. ಇನ್ನೂ ಹೋಗಿಲ್ಲ. ಹೋಗಲ್ಲ ಅಂತಲೂ ಹೇಳಿಲ್ಲ. ನಾನೂ ಕೇಳಿಲ್ಲ. ಅವನ ಕೈ, ಅವನ ಮನಸ್ಸು.

ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ನೀನೊಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಬಾ. ನಮ್ಮದು ನೆಲದ ಮನೆ, ಮೆಟ್ಟಿಲಿಲ್ಲ.

ನಿನ್ನ
ವಜೀರುನ್ನೀಸಾ